ನಾಲ್ವರು ಸಿಪಾಯಿಗಳನ್ನು ಉಳಿಸಿದ ಹರಿಗೋಲು

ತಾಲ್ಲೂಕು ಕಚೇರಿಯವರು ನನ್ನಿಂದ ಕೇಳಿದ್ದು ಒಂದೇ ಒಂದು ಪುಟ. ಹೊಳೆಯನ್ನು ನಂಬಿ ಬದುಕಿದವರ ಬಲೆ, ಗಾಳ, ಬುಟ್ಟಿ ಎಲ್ಲವನ್ನೂ ಸೇರಿಸಿ ಟಿ. ನರಸೀಪುರದಲ್ಲಿ ಒಂದು ಪ್ರದರ್ಶನ ಇಡುತ್ತೇವೆ, ನಟ್ಟನಡುವೆ ನಿಮ್ಮ ಮನೆಯ ಹರಿಗೋಲು ಇರಬೇಕು ಎಂದು ಫೋನಿನಲ್ಲಿ ಹೇಳಿದರು. "ಯುದ್ಧದ ಟೈಮಲ್ಲಿ ನಾಲ್ಕು ಜನ ಸಿಪಾಯಿಗಳನ್ನ ಉಳಿಸಿದ್ದು ಅದೇ ಅಲ್ವಾ ಮೇಡಂ? ಅದರ ಚರಿತ್ರೆ ನೀವೇ ಬರೆದುಕೊಡಿ. ಹೇಗಿದ್ರೂ ಹಿಸ್ಟರಿ ಟೀಚರ್ರು." ನಾನು ಉಬ್ಬಿಹೋದೆ. ಹೊಗಳಿದರೆ ಉಬ್ಬುವ ಚಾಳಿ ನನಗೆ ಮೊದಲಿನಿಂದಲೂ ಇದೆ.

ನಂಜನಗೂಡಿನ ಹೈಸ್ಕೂಲೊಂದರಲ್ಲಿ ಮೂವತ್ತು ವರ್ಷದಿಂದ ಚರಿತ್ರೆ ಪಾಠ ಮಾಡುತ್ತಿದ್ದೇನೆ. ಇನ್ನೆರಡು ವರ್ಷಕ್ಕೆ ರಿಟೈರ್ಮೆಂಟು. ಪಾಣಿಪತ್ತಿನ ಮೂರು ಯುದ್ಧಗಳ ಕಾರಣ, ಪರಿಣಾಮಗಳನ್ನು ನಿದ್ದೆಗಣ್ಣಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಇದನ್ನು ಯಾರು ಹೇಳಿದರು, ಯಾಕೆ ಹೇಳಿದರು, ನಂಬಬಹುದಾ ಎಂದು ಮೊದಲು ಕೇಳಿಕೊಳ್ಳಿ ಅಂತ ಮಕ್ಕಳಿಗೆ ಬಾಯಿ ನೋಯುವಷ್ಟು ಸಲ ಹೇಳಿದ್ದೇನೆ. ನನ್ನ ಮನೆಯ ಕಥೆಯನ್ನು ಮಾತ್ರ ಒಂದು ದಿನವೂ ನಾನು ಹಾಗೆ ಕೇಳಿಕೊಂಡಿರಲಿಲ್ಲ. ಬರೆಯುವಾಗ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ನಮ್ಮದು ಮೀನು ಹಿಡಿಯುವ ಮನೆ. ನರಸೀಪುರದಿಂದ ಸೋಸಲೆ ಬಸ್ಸು ಹತ್ತಿ, ಅರ್ಧ ದಾರಿಯಲ್ಲಿ ಇಳಿದು, ಗದ್ದೆಯ ಬದುವಿನ ಮೇಲೆ ಹೊಳೆಯ ಕಡೆ ನಡೆದರೆ ಇಪ್ಪತ್ತು ಮನೆಗಳ ಒಂದು ಕೇರಿ ಸಿಗುತ್ತದೆ. ಅಲ್ಲಿ ಅಪ್ಪ ಇದ್ದಾನೆ, ಚಿಕ್ಕವ್ವ ಇದ್ದಾಳೆ. ಅಪ್ಪನಿಗೆ ಎಂಬತ್ತನಾಲ್ಕು. ಚಿಕ್ಕವ್ವ ಅಪ್ಪನ ತಮ್ಮನ ಹೆಂಡತಿ, ಎಪ್ಪತ್ತೇಳೋ ಎಪ್ಪತ್ತೆಂಟೋ. ನನ್ನನ್ನು ಹೆತ್ತ ಅವ್ವ ನಾನು ಒಂದೂವರೆ ವರ್ಷದ ಕೂಸಾಗಿದ್ದಾಗ ಕಾಮಾಲೆ ಬಂದು ತೀರಿಕೊಂಡಳು. ಅವಳ ಮುಖ ನನಗೆ ನೆನಪಿಲ್ಲ, ಫೋಟೋ ಕೂಡ ಇಲ್ಲ. ಉಣ್ಣಿಸಿ, ತಲೆ ಬಾಚಿ, ಬೆನ್ನಿಗೆ ಗುದ್ದಿ ಸ್ಕೂಲಿಗೆ ಕಳಿಸಿದವಳು ಚಿಕ್ಕವ್ವ. ನಾನು ಟೀಚರ್ ಆದದ್ದೂ ಅವಳ ಹಟದಿಂದಲೇ.

ಹರಿಗೋಲಿನ ಚರಿತ್ರೆ ಬರೆಯುವುದು ಅಂದುಕೊಂಡಷ್ಟು ಸುಲಭವಲ್ಲ. ಬಿದಿರಿನ ದಬ್ಬೆಗಳಲ್ಲಿ ಹೆಣೆದ ದೊಡ್ಡ ಬುಟ್ಟಿ ಅದು. ಹಿಂದೆ ಅದಕ್ಕೆ ಚರ್ಮ ಹೊದಿಸುತ್ತಿದ್ದರು, ಆಮೇಲೆ ಗೊಬ್ಬರದ ಚೀಲ ಹೊಲಿದು ಟಾರು ಬಳಿಯುವುದು ಬಂತು. ಹೊದಿಕೆ ವರ್ಷಕ್ಕೊಂದು ಸಲ ಬದಲಾಗುತ್ತದೆ, ನಾಲ್ಕೈದು ವರ್ಷಕ್ಕೆ ಬಿದಿರೂ ಲಡ್ಡಾಗುತ್ತದೆ. ಆದರೆ ನಮ್ಮ ಮನೆಯಲ್ಲಿ ಒಂದು ಪದ್ಧತಿ. ಹೊಸದನ್ನು ಹೆಣೆಯುವಾಗ ಹಳೆಯದರಿಂದ ಗಟ್ಟಿಯಾದ ಒಂದು ದಬ್ಬೆಯನ್ನು ಬಿಡಿಸಿ ಸೇರಿಸುತ್ತಾರೆ. ಆದ್ದರಿಂದ ಅಪ್ಪನ ಪಾಲಿಗೆ ನಮ್ಮ ಮನೆಯಲ್ಲಿ ಇದ್ದದ್ದು ಯಾವತ್ತಿಗೂ ಒಂದೇ ಹರಿಗೋಲು. "ಅವತ್ತಿಂದು ಇದೇನಾ ಅಪ್ಪಾ?" ಅಂದರೆ "ಇನ್ಯಾವ್ದು?" ಎಂದು ದುರುಗುಟ್ಟುತ್ತಾನೆ. ಕಣ್ಣು ಮಂಜಾದ ಮೇಲೆ ಅವನು ನೀರಿಗಿಳಿದಿಲ್ಲ. ಕೇರಿಯವರು ಈಗಲೂ ಅದರಲ್ಲೇ ಹೋಗಿ ಬಲೆ ಬಿಟ್ಟು, ಸಿಕ್ಕಿದ ಮೀನಲ್ಲಿ ನಾಲ್ಕು ತಂದು ನಮ್ಮ ಜಗಲಿ ಮೇಲಿಟ್ಟು ಹೋಗುತ್ತಾರೆ.

ಪುಟಕ್ಕೆ ಬೇಕಾದ ಕಥೆ ನನಗೆ ಬಾಯಿಪಾಠವಾಗಿತ್ತು. ಅರವತ್ತೈದರಲ್ಲಿ ಪಾಕಿಸ್ತಾನದ ಜೊತೆ ಯುದ್ಧ ನಡೆಯುತ್ತಿತ್ತು. ರಜಕ್ಕೆ ಊರಿಗೆ ಬಂದಿದ್ದ ಸಿಪಾಯಿಗಳಿಗೆ ಕೂಡಲೇ ಹೊರಟು ಬನ್ನಿ ಎಂದು ತಂತಿ ಬಂದಿತ್ತು. ಕೊಳ್ಳೇಗಾಲದ ಕಡೆಯ ನಾಲ್ವರು ಮೈಸೂರಿಗೆ ಹೋಗಿ ರೈಲು ಹಿಡಿಯುವ ಆತುರದಲ್ಲಿ ಬಳಸು ದಾರಿ ಬಿಟ್ಟು ದೋಣಿ ಹತ್ತಿದರು. ಹೊಳೆ ದಡ ಮೀರಿ ಹರಿಯುತ್ತಿದ್ದ ದಿನಗಳು. ನಡುನೀರಲ್ಲಿ ದೋಣಿ ಮಗುಚಿತು. ದೋಣಿಯವನು ಮಗುಚಿದ ದೋಣಿಯನ್ನೇ ತಬ್ಬಿಕೊಂಡು ಹೇಗೋ ದಡ ಕಂಡ. ಸಿಪಾಯಿಗಳು ಬೂಟು ಕಾಲಲ್ಲಿ ಮುಳುಗೇಳುತ್ತಿದ್ದರು. ಬಲೆ ಒಣಗಿಸುತ್ತಿದ್ದ ಅಪ್ಪ ಮತ್ತು ಚಿಕ್ಕಪ್ಪ ಮೀನಿನ ಹರಿಗೋಲನ್ನೇ ನೀರಿಗೆ ತಳ್ಳಿ ಹೋಗಿ ನಾಲ್ವರನ್ನೂ ಎತ್ತಿಕೊಂಡರು. ಸೆಳೆತಕ್ಕೆ ಹರಿಗೋಲು ಸುತ್ತುತ್ತಾ ಸುತ್ತುತ್ತಾ ಮೂರು ಮೈಲಿ ಕೆಳಗೆ ದಡ ಮುಟ್ಟಿತು. ಸಿಪಾಯಿಗಳು ಒದ್ದೆ ಬಟ್ಟೆಯಲ್ಲೇ ಬಸ್ಸು ಹಿಡಿದು ಯುದ್ಧಕ್ಕೆ ಹೋದರು.

ಅವರ ಜೊತೆ ಚಿಕ್ಕಪ್ಪನೂ ಹೋದ. ಇಪ್ಪತ್ತೆರಡು ವರ್ಷದ ಹುಮ್ಮಸ್ಸಿನವನು, ಅವರ ಮಾತು ಕೇಳಿ ನಾನೂ ಮಿಲಿಟರಿಗೆ ಸೇರುತ್ತೇನೆಂದು ನಿಂತ ಕಾಲಲ್ಲೇ ಹೊರಟುಬಿಟ್ಟನಂತೆ. ಮದುವೆಯಾಗಿ ಆರು ತಿಂಗಳಾಗಿತ್ತು. ಹೆಂಡತಿಗೆ ಒಂದು ಮಾತು ಹೇಳಲೂ ಪುರುಸೊತ್ತು ಆಗಲಿಲ್ಲವಂತೆ. ಹೋದವನು ಬರಲಿಲ್ಲ, ಕಾಗದವೂ ಬರಲಿಲ್ಲ. ಆ ಕಡೆಯವರ ಸೆರೆಯಲ್ಲಿರಬಹುದು ಎಂದು ಕೇರಿಯಲ್ಲಿ ಮಾತಾಡಿಕೊಂಡರು.

ಅವತ್ತಿನಿಂದ ಚಿಕ್ಕವ್ವ ಎಲ್ಲರ ಬಾಯಲ್ಲೂ "ಮಿಲಿಟರಿ ಅವ್ವ". ಮದುವೆ ಮನೆಯಲ್ಲಿ ಅರಿಶಿನ ಕುಟ್ಟಲು ಮೊದಲು ಅವಳ ಕೈಗೇ ಒನಕೆ ಕೊಡುತ್ತಿದ್ದರು, ಗಂಡ ದೇಶ ಕಾಯುವ ಮುತ್ತೈದೆ ಎಂದು. ಗೌರಿ ಹಬ್ಬಕ್ಕೆ ಮೊರದ ಬಾಗಿನ ಅವಳಿಗೆ ಮೊದಲು. ನಾನು ಟೀಚರಾದ ಮೇಲೆ ಒಂದು ಆಗಸ್ಟ್ ಹದಿನೈದಕ್ಕೆ ಅವಳನ್ನು ನಂಜನಗೂಡಿಗೆ ಕರೆಸಿ, ಸ್ಕೂಲಿನ ವೇದಿಕೆಯಲ್ಲಿ ಕೂರಿಸಿ, ಮಕ್ಕಳಿಂದ ಚಪ್ಪಾಳೆ ಹೊಡೆಸಿದ್ದೆ. ಅವಳು ಸೆರಗನ್ನು ಬಿಗಿಯಾಗಿ ಹೊದ್ದುಕೊಂಡು, ಕಾಸಗಲದ ಕುಂಕುಮ ಇಟ್ಟುಕೊಂಡು, ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಅದನ್ನು ನೆನೆದರೆ ಈಗ ಮೈ ಹಿಡಿಯಷ್ಟಾಗುತ್ತದೆ.

ಕೆಲಸ ಸಿಕ್ಕಿದ ಹೊಸದರಲ್ಲಿ ಚಿಕ್ಕಪ್ಪನನ್ನು ಹುಡುಕಿಸುತ್ತೇನೆಂದು ಸೈನ್ಯದ ಕಚೇರಿಗೆ ಒಂದು ಅರ್ಜಿ ಬರೆದಿದ್ದೆ. ಅಪ್ಪ ಅದನ್ನು ನನ್ನ ಕೈಯಿಂದ ಕಿತ್ತು ಹರಿದು ಒಲೆಗೆ ಹಾಕಿದ. "ಅವನು ಮಿಲಿಟರಿಯಿಂದ ತಪ್ಪಿಸ್ಕಂಡು ಎಲ್ಲಾದ್ರೂ ತಲೆಮರೆಸ್ಕಂಡಿದ್ರೆ? ನೀನು ಕಾಗ್ದ ಬರ್ದು ಇಡ್ಸಿ ಜೈಲ್ಗಾಕಿಸ್ತೀಯಾ?" ಎಂದು ಕೂಗಾಡಿದ. ಚಿಕ್ಕವ್ವ ಹೆದರಿ, "ಬ್ಯಾಡ ಕಣ್ಮಗ, ಎಲ್ಲೋ ಒಂದ್ಕಡೆ ಬದುಕಿರ್ಲಿ ಬುಡು" ಅಂದಳು. ಅಲ್ಲಿಗೆ ನಾನೂ ಸುಮ್ಮನಾದೆ. ಸಿಪಾಯಿಯಾದವನಿಗೆ ಒಂದು ನಂಬರ್ ಇರಬೇಕು, ಸೇರಿದ ಒಂದು ದಿನ ಇರಬೇಕು ಎಂದು ಚರಿತ್ರೆಯ ಟೀಚರಿಗೆ ಹೊಳೆಯಲಿಲ್ಲ. ಹೊಳೆದರೂ ಬೇಡವಾಗಿತ್ತೋ ಏನೋ.

ಇಷ್ಟೆಲ್ಲ ಗೊತ್ತಿದ್ದರೂ ಪುಟಕ್ಕೆ ಇನ್ನೊಂದು ಬಾಯಿಯ ಸಾಕ್ಷಿ ಇದ್ದರೆ ಚೆನ್ನ ಅನ್ನಿಸಿತು. ನಮ್ಮ ಮನೆಯ ಗೋಡೆಯ ಮೇಲೆ ಆಗ ಸರ್ಕಾರದವರು ಅಪ್ಪನಿಗೆ ಕೊಟ್ಟ ಮೆಚ್ಚುಗೆ ಪತ್ರವೊಂದು ಕಟ್ಟು ಹಾಕಿ ತೂಗಿದೆ. ಅದರಲ್ಲಿ ಆ ನಾಲ್ವರ ಹೆಸರು, ಊರು ಇತ್ತು. ಕೊಳ್ಳೇಗಾಲದ ಕಡೆಯವರೇ ಆದ ನಮ್ಮ ಸ್ಕೂಲಿನ ಕ್ಲರ್ಕು ವಾರವೆಲ್ಲ ವಿಚಾರಿಸಿ, ಮೂವರು ತೀರಿಕೊಂಡಿದ್ದಾರೆ, ಒಬ್ಬರಿದ್ದಾರೆ ಎಂದು ನಂಬರ್ ತಂದುಕೊಟ್ಟರು. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಸ್ಟಾಫ್ ರೂಮಿನಿಂದ ಫೋನ್ ಮಾಡಿದೆ. ಆ ಹಿರಿಯರು ನಾನು ಯಾರ ಮಗಳೆಂದು ತಿಳಿದ ಕೂಡಲೇ ಅತ್ತುಬಿಟ್ಟರು. ನನಗೂ ಕಣ್ಣು ತುಂಬಿತು. ನೋಟ್ ಪುಸ್ತಕ ತೆಗೆದು ಪೆನ್ನು ಹಿಡಿದು ಕೂತೆ.

"ನಿಮ್ ತಂದೆ ಹುಟ್ಟು ಹಾಕ್ತಿದ್ರು ಕಣಮ್ಮ. ಅವರ ಮಖ ಇವತ್ತಿಗೂ ಕಣ್ಮುಂದದೆ," ಅಂದರು. ಆಮೇಲೆ, "ಒಂದ್ಮಾತು ಕೇಳ್ಬೇಕು ತಾಯಿ. ಆವತ್ತಿಂದ ಮನಸಲ್ಲಿ ಕೊರೀತದೆ. ನಿಮ್ ಚಿಕ್ಕಪ್ಪ ದಡ ಸೇರುದ್ರಾ?" ಎಂದು ಕೇಳಿದರು.

ವಯಸ್ಸಾಗಿದೆ, ಮರೆತಿದ್ದಾರೆ ಅಂದುಕೊಂಡೆ. "ಚಿಕ್ಕಪ್ಪ ನಿಮ್ಮ ಜೊತೇಲೇ ಮಿಲಿಟರಿಗೆ ಬಂದರಲ್ಲ ಸಾರ್," ಅಂದೆ.

"ನಮ್ ಜೊತೇಲಾ? ಇಲ್ವಲ್ಲಾ ತಾಯಿ."

ಅವರು ಹೇಳುತ್ತಾ ಹೋದರು. "ನಾವು ನಾಕು ಜನ ಹತ್ತುದ್ಮೇಲೆ ನೀರು ಒಳಕ್ಕೆ ನುಗ್ಗಕ್ ಶುರುವಾಯ್ತು. ಆಗ ನಿಮ್ ಚಿಕ್ಕಪ್ಪ ನೀರಿಗಿಳುದು ಹೊರಗಿಂದ ಅಂಚು ಹಿಡ್ಕಂಡ್ರು. ಅಷ್ಟರಲ್ಲಿ ಒಂದು ಮರದ ದಿಮ್ಮಿ ತೇಲ್ಕಂಡ್ ಬಂತು. ಆಮೇಲೆ ನಾನು ಅವರನ್ನ ನೋಡ್ಲಿಲ್ಲ. ದಡದಲ್ಲಿ ಕೇಳುದ್ರೆ, ಅವನು ಈಜ್ಕಂಡ್ ಬತ್ತನೆ, ನೀವು ಬಸ್ ಹಿಡೀರಿ ಅಂದ್ರು ನಿಮ್ ತಂದೆ. ನಾವು ನಂಬುದೋ. ರಿಟೈರಾಗಿ ಊರಿಗೆ ಬಂದ್ಮೇಲೆ ಒಂದ್ಸಲ ನರಸೀಪುರದ್ ತಂಕ ಬಂದಿದ್ದೆ ತಾಯಿ. ನಿಮ್ ಮನೆಗೆ ಬರಕ್ಕೆ ಧೈರ್ಯ ಆಗ್ಲಿಲ್ಲ. ಅವರಿಲ್ಲ ಅಂತ ಯಾರಾದ್ರೂ ಅಂದ್ಬುಟ್ರೆ ಅಂತ."

ಫೋನ್ ಯಾವಾಗ ಇಟ್ಟೆನೋ ಗೊತ್ತಿಲ್ಲ. ಬೆಲ್ಲು ಹೊಡೆಯಿತು, ಎಂಟನೇ ಕ್ಲಾಸಿಗೆ ಹೋದೆ, ಸೀಮೆಸುಣ್ಣ ಹಿಡಿದು ಬೋರ್ಡಿಗೆ ಮುಖ ಮಾಡಿ ನಿಂತೆ. ಏನು ಬರೆಯಬೇಕೆಂದೇ ತಿಳಿಯಲಿಲ್ಲ. ಮಕ್ಕಳಿಗೆ ಓದಿಕೊಳ್ಳಿ ಎಂದು ಹೇಳಿ ಕುರ್ಚಿಯಲ್ಲಿ ಕೂತೆ. ಮಹಾಲಯ ಅಮಾವಾಸ್ಯೆಯ ದಿನ ಅಪ್ಪ ಪ್ರತಿ ವರ್ಷ ಒಬ್ಬನೇ ಹರಿಗೋಲು ಹತ್ತಿ ಕೆಳಗಡೆಗೆ ಹೋಗಿ ಬರುತ್ತಿದ್ದದ್ದು ನೆನಪಾಯಿತು. ತಾತ ಮುತ್ತಾತನಿಗೆ ಎಡೆ ಬಿಡಲು ಹೋಗುತ್ತಾನೆ ಅಂತಲೇ ನಾವೆಲ್ಲ ಅಂದುಕೊಂಡಿದ್ದೆವು.

ಮಾರನೆಯ ದಿನ ರಜ ಹಾಕಿ ಊರಿಗೆ ಹೋದೆ. ಬಸ್ಸಿನಲ್ಲಿ ಕೂತಷ್ಟು ಹೊತ್ತೂ, ಆ ಹಿರಿಯರಿಗೆ ಅರಳುಮರಳು ಇರಲಿ ದೇವರೇ ಎಂದು ನಂಜುಂಡೇಶ್ವರನಿಗೆ ಮೊರೆಯಿಟ್ಟೆ. ಕಂಡವರಿಗೆ ಹೀಗೆ ಕೆಟ್ಟದ್ದು ಬಯಸುತ್ತಿದ್ದೇನಲ್ಲ ಎಂದು ನಾಚಿಕೆಯೂ ಆಯಿತು.

ಅಪ್ಪ ಹೊಳೆಯ ದಡದ ಹುಣಸೆ ಮರದ ಕೆಳಗೆ ಕೂತು, ಬಲೆಯ ಹರಿದ ಕಣ್ಣುಗಳನ್ನು ಬೆರಳಲ್ಲೇ ತಡವಿ ತಡವಿ ಕಟ್ಟುತ್ತಿದ್ದ. ಹೆಜ್ಜೆ ಸಪ್ಪಳಕ್ಕೇ ನಾನೆಂದು ಗುರುತು ಹಿಡಿದ. ಕ್ಷೇಮಸಮಾಚಾರ ಏನನ್ನೂ ಕೇಳದೆ ನಾನು ನೇರವಾಗಿ, "ಚಿಕ್ಕಪ್ಪ ದಡ ಸೇರಿದ್ನಾ ಅಪ್ಪಾ?" ಎಂದೆ.

ಅವನ ಬೆರಳು ನಿಂತಿತು. "ಯಾರ್ ಯೋಳುದ್ರು?" ಅಂದ.

ಅಷ್ಟೇ. ಇಲ್ಲ ಅನ್ನಲಿಲ್ಲ, ಬೈಯಲಿಲ್ಲ, ನಿನಗೇನು ಹುಚ್ಚಾ ಎಂದು ಕೇಳಲಿಲ್ಲ. ಯಾರು ಹೇಳಿದರು ಅಂದ. ನಾನು ಅಲ್ಲೇ ಮರಳ ಮೇಲೆ ಅವನ ಎದುರಿಗೆ ಕೂತೆ.

ಹರಿಗೋಲಿನ ಒಂದು ಕಟ್ಟುಪಾಡು ನಮ್ಮ ಕೇರಿಯಲ್ಲಿ ಎಲ್ಲರಿಗೂ ಗೊತ್ತು, ನನಗೂ ಗೊತ್ತಿತ್ತು. ಹತ್ತಿಸಿಕೊಂಡವರನ್ನು ನಡುನೀರಲ್ಲಿ ಇಳಿಸುವ ಹಾಗಿಲ್ಲ. ಭಾರ ಹೆಚ್ಚಾದರೆ ಇಳಿಯಬೇಕಾದದ್ದು ನಮ್ಮವರೇ. ಹುಟ್ಟು ಹಿಡಿದವನು ಕೂತಿರಬೇಕು, ಇನ್ನೊಬ್ಬ ನೀರಿಗಿಳಿದು ಅಂಚು ಹಿಡಿದುಕೊಂಡು ಬರಬೇಕು. ಇದನ್ನು ನಾನು ಮಕ್ಕಳಿಗೆ ಹೆಮ್ಮೆಯಿಂದ ಹೇಳಿದ್ದುಂಟು. ನೋಡಿ, ನಮ್ಮ ಜನ ಹೀಗೆ ಅಂತ.

"ಇಳಿ ಅಂದೆ, ಇಳುದ," ಅಂದ ಅಪ್ಪ. "ದಿಮ್ಮಿ ಬಂದು ಬಡೀತು. ಕೈ ಕಾಣುಸ್ತು. ಆಮೇಲೆ ಅದೂ ಕಾಣ್ನಿಲ್ಲ."

"ನೀನು ಹಿಂದಕ್ಕೆ ಹೋಗಲಿಲ್ವಾ?"

"ಹುಟ್ಟು ಬುಟ್ಟಿದ್ರೆ ನಾಕೂ ಜನ ಓಗೋರು ಕಣವ್ವ. ನಾನೂ ಓಗ್ತಿದ್ದೆ." ಮಂಜು ಕಣ್ಣುಗಳನ್ನು ಅವನು ಹೊಳೆಯ ಕಡೆಗೆ ತಿರುಗಿಸಿಕೊಂಡಿದ್ದ. "ನಾಕು ದಿನ ತಲಕಾಡಿನ್ ತಂಕ ಉಡುಕ್ದೆ, ಮೀನ್ಗೋಯ್ತೀನಿ ಅಂತ ಯೋಳಿ. ನಿಮ್ಮಜ್ಜಿಗೆ ಎದೆನೋವಿತ್ತು. ಮಗ ಮಿಲಿಟರಿಗೋದ ಅಂತ ಅವತ್ತೊಂದಿನಕ್ಕೆ ಅಂದಿದ್ದು ನಾನು. ಎಣ ಸಿಕ್ಕುದ್ಮೇಲೆ ಯೋಳುದ್ರಾಯ್ತು ಅಂತ. ಸಿಕ್ನೇ ಇಲ್ಲ. ಅಷ್ಟೊತ್ಗೆ ಊರೋರೆಲ್ಲ ಬಂದು, ನಿನ್ ತಮ್ಮ ಗಂಡು ಕಣ್ಲಾ ಅಂತ ಬೆನ್ನು ತಟ್ಟಿ ಓಗಿದ್ರು."

ಅಲ್ಲಿಯವರೆಗೆ ನನಗೆ ಅವನ ಮೇಲೆ ಅಯ್ಯೋ ಅನ್ನಿಸುತ್ತಿತ್ತು. ಇಪ್ಪತ್ತೈದು ವರ್ಷದವನು, ತಮ್ಮನನ್ನು ತಾನೇ ನೀರಿಗಿಳಿಸಿ, ನಾಲ್ಕು ಜೀವ ಉಳಿಸಿ, ಒಬ್ಬನೇ ಹರಿಗೋಲನ್ನು ತಲೆ ಮೇಲೆ ಹೊತ್ತು ಮೂರು ಮೈಲಿ ನಡೆದು ಬಂದಿದ್ದಾನೆ. ಬಾಗಿಲಲ್ಲಿ ತಮ್ಮನ ಹೆಂಡತಿ ನಿಂತಿದ್ದಾಳೆ. ಬಾಯಿಗೆ ಬಂದದ್ದು ಅಂದಿದ್ದಾನೆ. ಯಾರಾದರೂ ಅನ್ನಬಹುದು. ಆದರೆ ಅಜ್ಜಿ ಅದಾಗಿ ಎರಡೇ ವರ್ಷಕ್ಕೆ ಸತ್ತಳು. "ಆಮೇಲಾದರೂ ಚಿಕ್ಕವ್ವನಿಗೆ ಹೇಳಬಹುದಿತ್ತಲ್ಲ," ಅಂದೆ.

ಅಪ್ಪ ಬಲೆಯನ್ನು ಮಡಿಚಿ ಪಕ್ಕಕ್ಕಿಟ್ಟ. ಆಮೇಲೆ, "ಕವಲಂದೆ ಕಡೆಯೋನೊಬ್ಬ ಬತ್ತಿದ್ದ," ಎಂದು ಶುರುಮಾಡಿದ.

ಕವಲಂದೆಯವನು ಸೈಕಲ್ಲಿನಲ್ಲಿ ಬಂದು ನಮ್ಮ ಕೇರಿಯಿಂದ ಮೀನು ಕೊಂಡು ಸಂತೆಗೆ ಒಯ್ಯುತ್ತಿದ್ದವನು. ನಮ್ಮ ಜಾತಿಯವನೇ, ಹೆಂಡತಿ ಬಾಣಂತನದಲ್ಲಿ ಹೋಗಿದ್ದಳು. ಅವನು ಅಪ್ಪನ ಹತ್ತಿರ ಬಂದು, ನಿಮ್ಮ ತಮ್ಮನ ಸುದ್ದಿಯೇ ಇಲ್ಲವಲ್ಲ, ಆಕೆಯನ್ನು ಕೂಡಾವಳಿ ಮಾಡಿಕೊಡಿ ಅಂದನಂತೆ. ಗಂಡ ಸತ್ತವಳಿಗೆ ಇನ್ನೊಂದು ಮದುವೆ ಮಾಡುವುದು ನಮ್ಮಲ್ಲಿ ಹಿಂದಿನಿಂದಲೂ ಉಂಟು, ಅದನ್ನೇ ಕೂಡಾವಳಿ ಅನ್ನುವುದು. ವಾಲಗ ಇಲ್ಲ, ಚಪ್ಪರ ಇಲ್ಲ, ಹಿರಿಯರ ಮುಂದೆ ಒಂದು ಸೀರೆ ಕೊಟ್ಟರೆ ಮುಗಿಯಿತು. ಯಾರೂ ಅದನ್ನು ಕೀಳಾಗಿ ಕಾಣುವುದಿಲ್ಲ. ಆದರೆ ಗಂಡ ಬದುಕಿದ್ದಾನೆ ಅಂದರೆ ಕೂಡಾವಳಿ ಇಲ್ಲ. ಅವನು ಎಲ್ಲಿದ್ದರೂ ಸರಿ, ಎಷ್ಟು ವರ್ಷವಾದರೂ ಸರಿ, ಇಲ್ಲ ಅಂದರೆ ಇಲ್ಲ.

"ಸತ್ತೋದ ಅಂತ ಒಂದ್ಮಾತು ಯೋಳಿದ್ರೆ ಅವಳು ಓಯ್ತಿದ್ಳು," ಅಂದ ಅಪ್ಪ. "ನಿಮ್ಮವ್ವ ಮಣ್ಣಾಗಿ ಎರಡು ತಿಂಗ್ಳಾಗಿತ್ತು. ನೀನು ಅವಳ ಸೆರಗು ಬುಡ್ತಿರ್ನಿಲ್ಲ, ಇನ್ಯಾರ್ ಕೈಲೂ ತುತ್ತು ತಿಂತಿರ್ನಿಲ್ಲ. ನಾನು ಒಳೇಲಿರೋನು. ನಿನ್ನ ಯಾರ್ ಸಾಕೋರು? ನನ್ ತಮ್ಮ ಬತ್ತನೆ, ಓಗಯ್ಯ ಅಂದ್ಬುಟ್ಟೆ. ಯಾರ್ಗೋಸ್ಕರ ಅಂದೆ ಅಂದ್ಕಂಡೆ ನೀನು?"

ನನಗೋಸ್ಕರ. ಅಲ್ಲಿಯವರೆಗೆ ನಾನು ವಿಚಾರಣೆ ಮಾಡುವವಳ ಜಾಗದಲ್ಲಿ ಕೂತಿದ್ದೆ. ಒಂದೇ ಮಾತಿಗೆ ಅಪ್ಪ ನನ್ನನ್ನು ತನ್ನ ಪಕ್ಕಕ್ಕೆ ಎಳೆದುಕೊಂಡ. ನಾನು ಉಂಡ ಅನ್ನ, ಉಟ್ಟ ಲಂಗ, ಅವಳು ಕೂಲಿಗೆ ಹೋಗಿ ತಂದುಕೊಟ್ಟ ಜಾಮಿಟ್ರಿ ಬಾಕ್ಸು ಎಲ್ಲ ಒಂದೊಂದೇ ಕಣ್ಣ ಮುಂದೆ ಬಂತು. ಅವಳಿಗೆ ಆಗ ಇಪ್ಪತ್ತೊಂದು ವರ್ಷ. ನನ್ನ ಸ್ಕೂಲಿನಿಂದ ಹೋದ ಹುಡುಗಿಯರು ಆ ವಯಸ್ಸಿಗೆ ಇನ್ನೂ ಕಾಲೇಜಿನಲ್ಲಿರುತ್ತಾರೆ. ಹೊಳೆಗೆ ಹೋಗಿ ಮುಖಕ್ಕೆ ನೀರು ಹಾಕಿಕೊಳ್ಳೋಣ ಅಂತ ಎದ್ದೆ, ಆ ನೀರನ್ನು ಮುಟ್ಟಲು ಆಗಲಿಲ್ಲ.

"ಯೋಳ್ಬ್ಯಾಡ ಕಣ್ಮಗ," ಎಂದು ಅಪ್ಪ ನನ್ನ ಕಡೆಗೆ ಕೈ ಚಾಚಿದ. "ಇನ್ನೆಷ್ಟು ದಿನ ಇದ್ದಾಳು. ಮುತ್ತೈದೆಯಾಗೇ ಓಗ್ಲಿ ಬುಡು."

ಮನೆಯ ಕಡೆ ನಡೆಯುವಾಗ ಆ ಮಾತು ನನ್ನನ್ನೂ ಎಳೆಯಿತು, ಸುಳ್ಳು ಹೇಳುವುದಿಲ್ಲ. ಹೇಳಿದರೆ ಅವಳು ಅರವತ್ತು ವರ್ಷ ಕಾದದ್ದೆಲ್ಲ ಬರಿದಾಗುತ್ತದೆ. ಹೇಳದೇ ಇದ್ದರೆ, ಇಷ್ಟು ದಿನ ಅಪ್ಪ ಒಬ್ಬನದಾಗಿದ್ದ ಸುಳ್ಳು ಇವತ್ತಿನಿಂದ ನನ್ನದೂ ಆಗುತ್ತದೆ. ನನ್ನ ಹೊಟ್ಟೆ ತುಂಬಿಸಲು ಅವಳನ್ನು ಕಟ್ಟಿಹಾಕಿದ್ದು ಸಾಲದೆ, ನನ್ನ ಮನಸ್ಸಿನ ನೆಮ್ಮದಿಗೂ ಕಟ್ಟಿಹಾಕಬೇಕೇ? ಹಿತ್ತಲಿಗೆ ಹೋಗುವಷ್ಟರಲ್ಲಿ ನಿರ್ಧಾರ ಮಾಡಿದ್ದೆ.

ಚಿಕ್ಕವ್ವ ಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ಮೀನಿಗೆ ಬೂದಿ ಹಾಕಿ ಉಜ್ಜುತ್ತಿದ್ದಳು. ನನ್ನನ್ನು ನೋಡಿದ್ದೇ, "ಯಾಕ್ಮಗ, ಮಖ ಬಾಡೋಗದೆ? ಉಂಡ್ಯಾ?" ಅಂದಳು. ನಾನು ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತೆ. ಮಕ್ಕಳಿಗೆ ಪಾಠ ಹೇಳುವ ಬಾಯಿ, ಒಂದು ವಾಕ್ಯ ಕೂಡ ನೆಟ್ಟಗೆ ಬರಲಿಲ್ಲ. ಆದರೂ ಹೇಳಿದೆ. ಕಚೇರಿಯವರು ಪುಟ ಬರೆದುಕೊಡಿ ಅಂದದ್ದು, ಸಿಪಾಯಿಯ ಫೋನು, ನೀರು ನುಗ್ಗಿದ್ದು, ಚಿಕ್ಕಪ್ಪ ಇಳಿದದ್ದು, ದಿಮ್ಮಿ ಬಂದದ್ದು, ಎಲ್ಲವನ್ನೂ.

ಅವಳು ಅಳಲಿಲ್ಲ. ಕೈಯಲ್ಲಿದ್ದ ಮೀನನ್ನು ಕೆಳಗಿಡಲಿಲ್ಲ. ಕೊನೆಗೆ, "ಯಾವ್ ಕೈಲಿ ಇಡ್ಕಂಡಿದ್ನಂತೆ?" ಎಂದು ಕೇಳಿದಳು.

ನನಗೆ ಅರ್ಥವಾಗಲಿಲ್ಲ.

"ಅವನ ಬಲಗೈ ಊದ್ಕಂಡಿತ್ತು. ಮೀನಿನ ಮುಳ್ಳು ಚುಚ್ಚಿ ಕೀವಾಗಿತ್ತು. ಅವತ್ತು ಬೆಳಿಗ್ಗೆ ನಾನೇ ಅರಿಶಿನ ಮೆತ್ತಿ ಬಟ್ಟೆ ಕಟ್ಟಿದ್ದೆ. ಆ ಕೈಲಿ ತುತ್ತು ಎತ್ತಕ್ಕಾಯ್ತಿರ್ನಿಲ್ಲ, ನಾನೇ ತಿನ್ನಿಸ್ದೆ. ನಿಮ್ಮಪ್ಪಂಗೂ ಗೊತ್ತಿತ್ತು." ಅವಳೇ ಮುಂದುವರಿಸಿದಳು: "ಅದ್ಕೇ ಹುಟ್ಟು ನಿಮ್ಮಪ್ಪ ಇಡ್ದಿದ್ದು. ಇಲ್ದಿದ್ರೆ ಯಾವಾಗ್ಲೂ ನಿನ್ ಚಿಕ್ಕಪ್ಪನೇ ಇಡೀತಿದ್ದ. ಹುಟ್ಟು ಹಾಕಕ್ಕಾಗ್ದಿರೋ ಕೈನ ನೀರಿಗಿಳುಸ್ಬುಟ್ರಾ?"

ಅಪ್ಪ ಇದನ್ನು ನನಗೆ ಹೇಳಿರಲಿಲ್ಲ. ಹುಟ್ಟು ಹಿಡಿದವನು ಕೂರಬೇಕು, ಇನ್ನೊಬ್ಬ ಇಳಿಯಬೇಕು ಎಂಬ ಕಟ್ಟುಪಾಡು ಅಷ್ಟು ಹೆಮ್ಮೆಯದು, ಆ ಗಳಿಗೆಯಲ್ಲಿ ಇಬ್ಬರಿಗೂ ಕೈಯ ನೆನಪಾಗಲಿಲ್ಲವೋ, ಆಗಿಯೂ ಬಾಯಿ ಬರಲಿಲ್ಲವೋ. ಚಿಕ್ಕಪ್ಪನಾದರೂ ಆಗುವುದಿಲ್ಲ ಅನ್ನಬಹುದಿತ್ತು. ನಮ್ಮವರು ಯಾರೂ ಅನ್ನುವುದಿಲ್ಲ. ಅಣ್ಣ ಇಳಿ ಅಂದರೆ ಇಳಿಯುತ್ತಾರೆ.

"ಇದ್ನ ಬರಿ," ಅಂದಳು ಚಿಕ್ಕವ್ವ. "ಕೈ ಊದ್ಕಂಡಿತ್ತು ಅಂತ್ಲೂ ಬರಿ." ಕಚೇರಿಗೆ ಆಮೇಲೆ ನಾನು ಕೊಟ್ಟ ಪುಟದಲ್ಲಿ ಅದೂ ಇದೆ. ಓದಿದವರು ಒಂದೆರಡು ಸಲ ಕೆಮ್ಮಿ, ಇದು ಬೇಕಾ ಮೇಡಂ ಎಂದು ಕೇಳಿದರು. ಬೇಕು ಅಂದೆ.

ಅವತ್ತು ಹಿತ್ತಲಲ್ಲಿ ಅಷ್ಟು ಹೇಳಿ ಸುಮ್ಮನಾಗಬಹುದಿತ್ತು, ಆದರೆ ನನ್ನ ಪಾಲಿನದನ್ನು ಬಚ್ಚಿಟ್ಟರೆ ಏನು ಹೇಳಿದಂತಾಯಿತು? ಕವಲಂದೆಯವನು ಅಪ್ಪನನ್ನು ಕೇಳಿದ್ದು, ಅಪ್ಪ ನನಗೋಸ್ಕರ ಇಲ್ಲ ಅಂದದ್ದು, ಅದನ್ನೂ ಹೇಳಿದೆ. ಅಪ್ಪ ಅಷ್ಟು ಹೊತ್ತಿಗೆ ಗೋಡೆ ಹಿಡಿದುಕೊಂಡು ಬಂದು ಹಿತ್ತಲ ಬಾಗಿಲಲ್ಲಿ ನಿಂತಿದ್ದ. ಅವನಿಗೆ ನಾವು ಕಾಣುತ್ತಿರಲಿಲ್ಲ, ನಮ್ಮ ಮಾತು ಕೇಳುತ್ತಿತ್ತು. ನಾನು ಚಿಕ್ಕವ್ವನ ಬೂದಿ ಮೆತ್ತಿದ ಕೈ ಹಿಡಿದುಕೊಂಡು, "ನನ್ನಿಂದ ನಿನ್ನ ಬಾಳು ಹಾಳಾಯ್ತು, ನನ್ನನ್ನು ಕ್ಷಮಿಸು," ಎಂದು ಅತ್ತೆ.

"ನಿನ್ನಿಂದಾ?" ಅಂದಳು. ನನ್ನನ್ನು ಮೊದಲ ಸಲ ನೋಡುವವಳ ಹಾಗೆ ನೋಡಿದಳು. "ಅವನು ನಿಮ್ಮಪ್ಪನ್ನ ಕೇಳಕ್ಕೆ ಮುಂಚೆ ನನ್ನೇ ಕೇಳಿದ್ದ ಕಣ್ಮಗ, ಒಳೆ ತಾವ. ನೀನು ನನ್ ಕಂಕುಳಲ್ಲಿದ್ದೆ. ಮಗೀನೂ ಎತ್ಕಂಡ್ ಬಾ, ನಂದೇ ಮಗು ಅಂತ ಸಾಕ್ತೀನಿ ಅಂದ."

ಬಾಗಿಲಲ್ಲಿ ಅಪ್ಪ ಅಲ್ಲಾಡದೆ ನಿಂತಿದ್ದ. ಇದು ಅವನಿಗೆ ಗೊತ್ತಿರಲಿಲ್ಲ.

"ನನ್ ಗಂಡ ದೇಶ ಕಾಯಕ್ಕೋಗವ್ನೆ, ಇವತ್ತಲ್ಲ ನಾಳೆ ಬತ್ತನೆ, ಇನ್ನೊಂದ್ಸಲ ಇಂಗೆ ಕೇಳ್ಬ್ಯಾಡ ಅಂತ ನಾನೇ ಅಂದ್ಬುಟ್ಟೆ," ಅಂದಳು ಚಿಕ್ಕವ್ವ. ಕೈಯಲ್ಲಿದ್ದ ಮೀನನ್ನು ಆಗ ಕಲ್ಲಿನ ಮೇಲಿಟ್ಟಳು. "ನಂಗೂ ಓಗಕ್ಕೆ ಮನ್ಸಿತ್ತು ಕಣ್ಮಗ."